ಮಳೆ ನಿಂತ ಮೇಲಿನ ಹಸಿರು ಹುಲ್ಲು ಮತ್ತು ಕುದುರೆಯ ತೂಕ

ಇದು ಈ ವಾರದ ಮಾತಿನ ಬರಹರೂಪ. ವಿಡಿಯೋದಲ್ಲಿ ಲೆಕ್ಕಗಳನ್ನ ಬೋರ್ಡ್ ಮೇಲೆ ಬೇಗ ಬೇಗ ಬರೆದು ತೋರಿಸಿದ್ದೆ. ಇಲ್ಲಿ ಬಿಡಿಸಿ ಬರೆದಿದ್ದೀನಿ. ಓದುವಾಗ ಪಕ್ಕದಲ್ಲಿ ಒಂದು ಟೈಲರ್ ಟೇಪು, ಒಂದು ನೋಟ್‌ಬುಕ್ಕು ಇಟ್ಕೊಳ್ಳಿ.

ವಿಷಯ ಇಷ್ಟೇ. ಬರೀ ಹುಲ್ಲು ತಿಂದು ಕುದುರೆ ದಪ್ಪ ಆಗುತ್ತಾ? ಆದರೆ ಏನು ಮಾಡಬೇಕು? ಚೆನ್ನೈಯಲ್ಲಿ ಈ ಪ್ರಶ್ನೆ ಪ್ರತಿ ವರ್ಷ ನವೆಂಬರ್‌ನಿಂದ ಜನವರಿ ತನಕ ನನಗೆ ಎದುರಾಗುತ್ತೆ. ಈಸ್ಟ್ ಕೋಸ್ಟ್ ರೋಡಿನ ಕಡೆ ಒಂದು ಸಣ್ಣ ಲಾಯದಲ್ಲಿ ಕುದುರೆಗಳ ಮೇವು, ಆರೈಕೆ ನೋಡಿಕೊಳ್ಳೋದು ನನ್ನ ಕೆಲಸ. ಆ ಅನುಭವದ ಮೇಲೆ ಹೇಳ್ತೀನಿ. ನಾನು ಪಶುವೈದ್ಯ ಅಲ್ಲ. ಎಲ್ಲಿ ವೈದ್ಯರು ಬೇಕೋ ಅಲ್ಲಿ ಸ್ಪಷ್ಟವಾಗಿ ಹೇಳ್ತೀನಿ.

ನಮ್ಮ ವಸಂತ ಯಾವಾಗ ಬರುತ್ತೆ?

ಇಂಗ್ಲೆಂಡು, ಅಮೆರಿಕದವರು ಮಾಡಿದ ವಿಡಿಯೋ ನೋಡಿದರೆ ಎಲ್ಲರೂ ಒಂದೇ ಮಾತು ಹೇಳ್ತಾರೆ: ವಸಂತದ ಹುಲ್ಲಿನ ಬಗ್ಗೆ ಹುಷಾರು, ಏಪ್ರಿಲ್-ಮೇನಲ್ಲಿ ಕುದುರೆಯನ್ನ ಹುಲ್ಲುಗಾವಲಿಗೆ ಸುಮ್ಮನೆ ಬಿಡಬೇಡಿ. ಅವರಿಗೆ ಅದು ಸರಿ. ಹಿಮ ಕರಗಿ, ಬಿಸಿಲು ಬಂದು, ಹೊಸ ಹುಲ್ಲು ಚಿಗುರೋ ಕಾಲ ಅದು. ಆದರೆ ಚೆನ್ನೈಯಲ್ಲಿ ಮೇ ತಿಂಗಳು ಅಂದರೆ ಕತ್ತಿರಿ ಬಿಸಿಲು. ನೆಲದಲ್ಲಿ ಹುಲ್ಲೇ ಇರಲ್ಲ. ಆ ಹೊತ್ತಿಗೆ ಕುದುರೆಗೆ ಹುಲ್ಲು ಕಡಿಮೆ ಮಾಡೋದು, ನವೆಂಬರ್‌ನಲ್ಲಿ "ಚಳಿಗಾಲ ತಾನೇ" ಅಂತ ಬಿಟ್ಟುಬಿಡೋದು ಪೂರ್ತಿ ತಲೆಕೆಳಗಾದ ಲೆಕ್ಕ.

ಚೆನ್ನೈಗೆ ವರ್ಷಕ್ಕೆ ಸುಮಾರು 1,400 ಮಿಲಿಮೀಟರ್ ಮಳೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಈಶಾನ್ಯ ಮಾರುತದಲ್ಲಿ, ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಸುರಿಯುತ್ತೆ. ದೀಪಾವಳಿ ಹೊತ್ತಿಗೆ ಖಾಲಿ ಸೈಟು, ತೆಂಗಿನ ತೋಟ, ಕೆರೆ ಅಂಚು ಎಲ್ಲಾ ಹಸಿರು. ಪೊಂಗಲ್ ತನಕ ಆ ಹಸಿರು ಇರುತ್ತೆ. ಕುದುರೆಯ ಹೊಟ್ಟೆಯ ದೃಷ್ಟಿಯಿಂದ ನಮ್ಮ ವಸಂತ ಅದೇ. ಕುಣಿಗಲ್, ಬೆಂಗಳೂರು, ಮೈಸೂರು ಕಡೆ ಇರುವವರಿಗೆ ಈ ಕಾಲ ಮುಂಚೆ ಶುರುವಾಗಿ ಅಕ್ಟೋಬರ್-ನವೆಂಬರ್ ತನಕ ಇರುತ್ತೆ. ಕ್ಯಾಲೆಂಡರ್ ನೋಡಬೇಡಿ, ನೆಲ ನೋಡಿ. ಮಳೆ ಬಿದ್ದು ಎರಡು ವಾರಕ್ಕೆ ಚಿಗುರು ಕಂಡರೆ ನಿಮ್ಮ ಎಚ್ಚರಿಕೆಯ ಕಾಲ ಶುರು ಅಂತ ಅರ್ಥ.

ಮೊದಲು ನೋಡಬೇಕಾದ್ದು: ಅದು ಕೊಬ್ಬೇನಾ?

ಈ ಮಾತನ್ನ ಮೊದಲೇ ಹೇಳಲೇಬೇಕು. ಈ ಊರಲ್ಲಿ ದಪ್ಪಗಿರುವ ಕುದುರೆಗಿಂತ ಸೊರಗಿದ ಕುದುರೆ ಕಣ್ಣಿಗೆ ಬೀಳೋದು ಜಾಸ್ತಿ. ಮರೀನಾದಲ್ಲಿ ಮಕ್ಕಳನ್ನ ಕೂರಿಸಿಕೊಂಡು ಓಡಾಡೋ ಕುದುರೆಗಳನ್ನ ನೋಡಿರ್ತೀರಿ. 2020ರ ಲಾಕ್‌ಡೌನ್‌ನಲ್ಲಿ ಬೀಚು ತಿಂಗಳುಗಟ್ಟಲೆ ಮುಚ್ಚಿದಾಗ ಆ ಕುದುರೆಗಳ ಮೇವಿಗೂ ಅವುಗಳನ್ನ ನಂಬಿದ ಮನೆಗಳಿಗೂ ಒಟ್ಟಿಗೆ ಕಷ್ಟ ಬಂತು. ಅಂಥ ಕುದುರೆಗೂ ಹೊಟ್ಟೆ ಜೋತುಬಿದ್ದಿರಬಹುದು. ಅದನ್ನ ನೋಡಿ "ದಪ್ಪ ಆಗಿದೆ, ಮೇವು ಕಡಿಮೆ ಮಾಡಿ" ಅಂದರೆ ಪಾಪದ ಮಾತಾಗುತ್ತೆ.

ಹೊಟ್ಟೆ ದೊಡ್ಡದಾಗಿ ಕಾಣೋಕೆ ಕೊಬ್ಬು ಬಿಟ್ಟು ಬೇರೆ ಕಾರಣಗಳಿವೆ. ಒಂದು, ಜಂತುಹುಳ. ಮಳೆಗಾಲದ ಹಸಿ ಹುಲ್ಲಿನಲ್ಲಿ ಮರಿಹುಳಗಳು ಚೆನ್ನಾಗಿ ಬದುಕುತ್ತವೆ. ಎರಡು, ಬರೀ ನಾರು ಇರುವ ಕಳಪೆ ಮೇವು. ಹೊಟ್ಟೆ ತುಂಬುತ್ತೆ, ಮೈ ತುಂಬಲ್ಲ. ಮೂರು, ಸರ್ರಾ ಕಾಯಿಲೆ. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ಈ ರೋಗದ ಜೀವಿಯನ್ನ 1880ರಲ್ಲಿ ಗ್ರಿಫಿತ್ ಇವಾನ್ಸ್ ಅನ್ನೋ ಪಶುವೈದ್ಯರು ನಮ್ಮ ಉಪಖಂಡದ ಕುದುರೆ ಒಂಟೆಗಳಲ್ಲೇ ಕಂಡುಹಿಡಿದರು. ಬಿಟ್ಟು ಬಿಟ್ಟು ಜ್ವರ, ರಕ್ತಹೀನತೆ, ಜೊತೆಗೆ ಹೊಟ್ಟೆಯ ಕೆಳಗೆ ಮತ್ತು ಕಾಲಲ್ಲಿ ನೀರಿನ ಊತ. ಆ ಊತವನ್ನ ಕೊಬ್ಬು ಅಂದುಕೊಂಡವರನ್ನ ನೋಡಿದ್ದೀನಿ. ನಾಲ್ಕನೆಯದು ಹೆಣ್ಣುಕುದುರೆಯಾದರೆ ನೀವೇ ಊಹಿಸಿ.

ಹಾಗಾಗಿ ಕಣ್ಣು ನಂಬಬೇಡಿ, ಕೈ ನಂಬಿ. 1983ರಲ್ಲಿ ಅಮೆರಿಕದ ಹೆನೆಕೆ ಅನ್ನೋರು ಒಂದು ಅಂಕಪದ್ಧತಿ ಮಾಡಿದರು. ಮೂಳೆ ಚರ್ಮ ಆದ ಕುದುರೆಗೆ 1, ವಿಪರೀತ ಕೊಬ್ಬಿದ್ದಕ್ಕೆ 9. ನಮಗೆ ಬೇಕಾದ್ದು 5ರ ಆಸುಪಾಸು. ಆರು ಜಾಗ ಮುಟ್ಟಿ ನೋಡಬೇಕು: ಕುತ್ತಿಗೆಯ ಮೇಲಂಚು, ಹೆಗಲ ದಿಬ್ಬ, ಭುಜದ ಹಿಂದೆ, ಪಕ್ಕೆಲುಬು, ಬೆನ್ನು, ಬಾಲದ ಬುಡ.

ಪಕ್ಕೆಲುಬಿಗೆ ಒಂದು ಸುಲಭ ಉಪಾಯ. ನಿಮ್ಮ ಕೈ ಮುಷ್ಟಿ ಮಾಡಿ ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳು ಆಡಿಸಿ. ಪಕ್ಕೆಲುಬು ಹಾಗೆ ಸಿಕ್ಕಿದರೆ ಕುದುರೆ ಸಣ್ಣ ಆಗಿದೆ. ಅಂಗೈ ಬಿಡಿಸಿ ಹಿಂಗೈ ಮೇಲೆ ಬೆರಳು ಆಡಿಸಿ. ಹಾಗೆ ಸಿಕ್ಕಿದರೆ ಸರಿಯಾಗಿದೆ. ಅಂಗೈಯ ಹೆಬ್ಬೆರಳಿನ ಬುಡದ ಮಾಂಸದ ಹಾಗೆ ಮೆತ್ತಗಿದ್ದು ಎಲುಬೇ ಸಿಗದಿದ್ದರೆ ದಪ್ಪ ಆಗಿದೆ. ಇನ್ನೊಂದು ಮುಖ್ಯ ಗುರುತು ಕುತ್ತಿಗೆಯ ಮೇಲೆ, ಜೂಲು ಹುಟ್ಟುವ ಅಂಚು. ಅದು ಗಟ್ಟಿಯಾಗಿ ಉಬ್ಬಿ, ಕೈಯಲ್ಲಿ ಹಿಡಿದರೆ ಅಲ್ಲಾಡದ ಹಾಗಿದ್ದರೆ ಅಂಥ ಕುದುರೆಯ ಗೊರಸಿನ ಬಗ್ಗೆ ತಕ್ಷಣ ಎಚ್ಚರ ಬೇಕು. ಯಾಕೆ ಅಂತ ಮುಂದೆ ಹೇಳ್ತೀನಿ.

ತೂಕದ ಮೆಷಿನ್ ಇಲ್ಲದೆ ತೂಕ

ರೇಸ್ ಕುದುರೆಗಳಿಗೆ ತೂಕದ ಯಂತ್ರ ಇರುತ್ತೆ. ನಮಗೆ ಟೇಪು ಸಾಕು. ಎರಡು ಅಳತೆ ತಗೊಳ್ಳಿ. ಮೊದಲನೆಯದು ಎದೆಸುತ್ತು: ಮುಂಗಾಲಿನ ಹಿಂದೆ, ಹೆಗಲ ದಿಬ್ಬದ ಹಿಂಭಾಗದಿಂದ ಸುತ್ತ, ಕುದುರೆ ಉಸಿರು ಬಿಟ್ಟಾಗ. ಎರಡನೆಯದು ಉದ್ದ: ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿ ತನಕ. ಎರಡೂ ಸೆಂಟಿಮೀಟರ್‌ನಲ್ಲಿ. ಎದೆಸುತ್ತನ್ನ ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಬರೋದು ಕಿಲೋ.

ಉದಾಹರಣೆಗೆ ಒಂದು ತಟ್ಟು ಕುದುರೆ. ಸೆಪ್ಟೆಂಬರ್‌ನಲ್ಲಿ ಎದೆಸುತ್ತು 160, ಉದ್ದ 140. ಲೆಕ್ಕ ಹಾಕಿದರೆ ಸುಮಾರು 302 ಕಿಲೋ. ಅದೇ ಕುದುರೆ ಡಿಸೆಂಬರ್ ಕೊನೆಗೆ ಎದೆಸುತ್ತು 168. ಉದ್ದ ಬದಲಾಗಲ್ಲ. ಈಗ ಸುಮಾರು 333 ಕಿಲೋ. ಬರೀ 8 ಸೆಂಟಿಮೀಟರ್ ವ್ಯತ್ಯಾಸ, ದಿನಾ ನೋಡುವ ಸೈಸ್‌ಗೆ ಕಾಣಲ್ಲ. ಆದರೆ 30 ಕಿಲೋ ಏರಿದೆ, ಮೈತೂಕದ ಹತ್ತನೇ ಒಂದು ಭಾಗ!

ಈ ಲೆಕ್ಕ ಗ್ರಾಂ ಹಿಡಿದು ನಿಖರ ಅಲ್ಲ. ಆದರೆ ಹದಿನೈದು ದಿನಕ್ಕೊಮ್ಮೆ, ಒಬ್ಬರೇ, ಒಂದೇ ಹೊತ್ತಿನಲ್ಲಿ ಅಳೆದರೆ ಏರ್ತಾ ಇದೆಯಾ ಇಳೀತಾ ಇದೆಯಾ ಅನ್ನೋದು ಖಂಡಿತ ಗೊತ್ತಾಗುತ್ತೆ. ನಮಗೆ ಬೇಕಾದ್ದು ಅದೇ.

ಬರೀ ಹುಲ್ಲಿನಿಂದ ಇಷ್ಟು ಹೇಗೆ?

ಕುದುರೆ ದಿನಕ್ಕೆ ತನ್ನ ತೂಕದ ಶೇಕಡಾ 2ರಷ್ಟು ಒಣ ಮೇವು ತಿನ್ನುತ್ತೆ ಅಂತ ಸಾಮಾನ್ಯ ಲೆಕ್ಕ. 300 ಕಿಲೋ ತಟ್ಟುವಿಗೆ 6 ಕಿಲೋ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಹಾಗಾಗಿ 6 ಕಿಲೋ ಒಣಪದಾರ್ಥ ಅಂದರೆ ಸುಮಾರು 30 ಕಿಲೋ ಹಸಿ ಹುಲ್ಲು. "ಅಷ್ಟು ತಿನ್ನುತ್ತಾ?" ಅಂದರೆ, ತಿನ್ನುತ್ತೆ. ಬಿಟ್ಟರೆ ಇನ್ನೂ ಹೆಚ್ಚು ತಿನ್ನುತ್ತೆ. ಎಳೆ ಹುಲ್ಲು ಸಿಕ್ಕಿದಾಗ ತಟ್ಟು ಜಾತಿಯವು ಶೇಕಡಾ 3, ಅದಕ್ಕಿಂತಲೂ ಜಾಸ್ತಿ ತಿನ್ನೋದುಂಟು.

ಸುಮ್ಮನೆ ನಿಂತ 300 ಕಿಲೋ ಕುದುರೆಗೆ ದಿನಕ್ಕೆ ಬೇಕಾದ ಶಕ್ತಿ ಸುಮಾರು 10,000 ಕಿಲೋಕ್ಯಾಲರಿ. ಒಳ್ಳೆ ಎಳೆ ಹುಲ್ಲಿನ ಒಂದು ಕಿಲೋ ಒಣಪದಾರ್ಥದಲ್ಲಿ 2,200ರ ಆಸುಪಾಸು ಇರುತ್ತೆ. ಶೇಕಡಾ 3ರಂತೆ 9 ಕಿಲೋ ತಿಂದರೆ ಹತ್ತಿರ ಹತ್ತಿರ 20,000. ಬೇಕಾದ್ದರ ಎರಡರಷ್ಟು! ಒಂದು ಹಿಡಿ ಕಾಳೂ ಹಾಕಿಲ್ಲ ನೋಡಿ.

ಎರಡನೆಯ ವಿಷಯ ಸಕ್ಕರೆ. ಹುಲ್ಲು ಹಗಲಿನ ಬಿಸಿಲಲ್ಲಿ ಸಕ್ಕರೆ ತಯಾರಿಸುತ್ತೆ, ರಾತ್ರಿ ಬೆಳೆಯೋಕೆ ಅದನ್ನ ಖರ್ಚು ಮಾಡುತ್ತೆ. ಆದ್ದರಿಂದ ಬೆಳಗಿನ ಜಾವ ಸಕ್ಕರೆ ಕಡಿಮೆ, ಸಂಜೆ 4-5 ಗಂಟೆಗೆ ಜಾಸ್ತಿ. ರಾತ್ರಿ ತುಂಬ ಚಳಿ ಇದ್ದರೆ ಹುಲ್ಲು ಬೆಳೆಯಲ್ಲ, ಸಕ್ಕರೆ ಹಾಗೇ ಉಳಿಯುತ್ತೆ. ಊಟಿಯಲ್ಲಿ ಮಂಜು ಬೀಳೋ ಡಿಸೆಂಬರ್-ಜನವರಿಯ ಬೆಳಗಿನ ಹುಲ್ಲು ಅದಕ್ಕೇ ಅಪಾಯ. ಚೆನ್ನೈಯಲ್ಲಿ ಅಂಥ ಚಳಿ ಇಲ್ಲ, ಬೆಳಗಿನ ಜಾವವೇ ಒಳ್ಳೇದು.

ನಮ್ಮ ಬಯಲು ಸೀಮೆಯ ಗರಿಕೆ, ಗಿನಿ ಹುಲ್ಲು, ನೇಪಿಯರ್ ಎಲ್ಲಾ ಉಷ್ಣವಲಯದ ಹುಲ್ಲುಗಳು. ಶೀತದೇಶದ ಹುಲ್ಲುಗಳಷ್ಟು ಸಕ್ಕರೆ ಸಾಮಾನ್ಯವಾಗಿ ಇವು ಕೂಡಿಡಲ್ಲ. ಅದು ನಮ್ಮ ಪುಣ್ಯ. ಆದರೆ "ನಮ್ಮ ಹುಲ್ಲು ಏನೂ ಮಾಡಲ್ಲ" ಅಂತ ಅರ್ಥ ಅಲ್ಲ. ಪ್ರಮಾಣ ಹೆಚ್ಚಾದರೆ ಯಾವ ಹುಲ್ಲೂ ಕೊಬ್ಬೇ.

ಇದರಲ್ಲಿ ಏನು ಕಳೆದುಕೊಳ್ತೀವಿ?

ನಮ್ಮ ಲಾಯದಿಂದ ಸ್ವಲ್ಪ ದೂರದ ತೋಟದಲ್ಲಿ ಒಂದು ಕಂದು ತಟ್ಟು ಇತ್ತು. ನಿವೃತ್ತರಾದ ಹಿರಿಯರೊಬ್ಬರು ಮೊಮ್ಮಕ್ಕಳಿಗಾಗಿ ತಂದಿದ್ದು. ಕಾಳು ಹಾಕ್ತಾ ಇರಲಿಲ್ಲ. ಮಳೆಗಾಲದಲ್ಲಿ ಶಾಲೆ, ಪರೀಕ್ಷೆ ಅಂತ ಮಕ್ಕಳೂ ಸವಾರಿಗೆ ಬರಲಿಲ್ಲ. ಎರಡೂವರೆ ತಿಂಗಳು ಹಗಲೂ ರಾತ್ರಿ ತೆಂಗಿನ ಮರಗಳ ಕೆಳಗೆ ಮೇಯ್ತಾ ಇತ್ತು, ಮೈ ಮಿರಮಿರ ಮಿಂಚ್ತಾ ಇತ್ತು. ನೋಡಿದವರೆಲ್ಲಾ ಹೊಗಳೋರು. ಮಾರ್ಗಶಿರದ ಒಂದು ಬೆಳಗ್ಗೆ ಅದು ನಿಂತ ಜಾಗದಿಂದ ತಿರುಗಲೇ ಇಲ್ಲ. ಮುಂಗಾಲು ಮುಂದೆ ಚಾಚಿ, ಭಾರ ಹಿಂದಕ್ಕೆ ಹಾಕಿ ನಿಂತಿತ್ತು. ಗೊರಸು ಬಿಸಿ. ಎಕ್ಸ್‌ರೇಯಲ್ಲಿ ಗೊರಸಿನ ಒಳಗಿನ ಮೂಳೆ ವಾಲಿರೋದು ಕಾಣಿಸ್ತು. ಆ ಹಿರಿಯರು ನನ್ನನ್ನ ಕೇಳಿದ್ದು ಒಂದೇ ಮಾತು: "ಹುಲ್ಲು ತಾನೇ ತಂಬಿ ಕೊಟ್ಟೆ, ವಿಷ ಕೊಟ್ಟೆನಾ?"

ಆ ಕಾಯಿಲೆ ಹೆಸರು ಲ್ಯಾಮಿನೈಟಿಸ್. ಅಣಬೆ ಕೊಡೆಯ ಕೆಳಗೆ ತೆಳ್ಳನೆ ಪದರಗಳಿರ್ತವಲ್ಲ, ಹಾಗೆ ಗೊರಸಿನ ಗೋಡೆಗೂ ಒಳಗಿನ ಮೂಳೆಗೂ ನಡುವೆ ನೂರಾರು ಪದರಗಳು ಒಂದರೊಳಗೊಂದು ಹೆಣೆದುಕೊಂಡಿರ್ತವೆ. ಕುದುರೆಯ ಇಡೀ ಭಾರ ಆ ಹೆಣಿಗೆಯ ಮೇಲೆ ನಿಂತಿದೆ. ಕೊಬ್ಬು ಹೆಚ್ಚಿದ ಕುದುರೆಗಳಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಅದರ ಮಟ್ಟ ಏರುತ್ತೆ. ಸಕ್ಕರೆ, ಪಿಷ್ಟ ಇರೋ ಮೇವು ತಿಂದಾಗ ಮತ್ತಷ್ಟು ಏರುತ್ತೆ. ಏರಿದ ಇನ್ಸುಲಿನ್ ಆ ಪದರಗಳನ್ನ ದುರ್ಬಲ ಮಾಡುತ್ತೆ. ಹೆಣಿಗೆ ಸಡಿಲ ಆದರೆ ಮೂಳೆ ಜಾರುತ್ತೆ. ಆ ತಟ್ಟು ಬದುಕಿದೆ, ಆದರೆ ಯಾವ ಮಗುವೂ ಮತ್ತೆ ಅದರ ಮೇಲೆ ಕೂರಲಿಲ್ಲ. ಅಷ್ಟು ಅದೃಷ್ಟ ಎಲ್ಲಕ್ಕೂ ಇರಲ್ಲ.

ಗುರುತುಗಳನ್ನ ಬಾಯಿಪಾಠ ಮಾಡ್ಕೊಳ್ಳಿ. ಗಟ್ಟಿ ನೆಲದ ಮೇಲೆ ಮೊಟ್ಟೆ ಮೇಲೆ ನಡೆದ ಹಾಗೆ ನಡಿಗೆ, ತಿರುಗುವಾಗ ಹಿಂಜರಿಕೆ, ಕಾಲಿನಿಂದ ಕಾಲಿಗೆ ಭಾರ ಬದಲಿಸೋದು, ಗೊರಸಿನಲ್ಲಿ ಬಿಸಿ. ಗೊರಸಿನ ಮೇಲಿನ ಗಿಣ್ಣಿನ ಹಿಂದೆ ಎರಡೂ ಪಕ್ಕದಲ್ಲಿ ಬೆರಳಿಟ್ಟರೆ ಸಾಮಾನ್ಯವಾಗಿ ನಾಡಿ ಸಿಗೋದೇ ಕಷ್ಟ. ಈ ಕಾಯಿಲೆಯಲ್ಲಿ ಧಡ್ ಧಡ್ ಅಂತ ಹೊಡೀತಾ ಇರುತ್ತೆ. ಇವುಗಳಲ್ಲಿ ಯಾವುದು ಕಂಡರೂ ಹುಲ್ಲಿನಿಂದ ಆಚೆ ತನ್ನಿ, ದಪ್ಪ ಮೆತ್ತನೆ ಮರಳಿನ ಮೇಲೆ ನಿಲ್ಲಿಸಿ, ಗೊರಸನ್ನ ಐಸ್ ನೀರಲ್ಲಿ ಇಡಿ, ವೈದ್ಯರಿಗೆ ಅದೇ ಹೊತ್ತಲ್ಲಿ ಫೋನ್ ಮಾಡಿ. ನಡೆಸಿ ನೋಡೋಣ ಅಂತ ಮಾತ್ರ ನಡೆಸಬೇಡಿ.

ಚೆನ್ನೈಗೆ ಇನ್ನೊಂದು ಸಮಸ್ಯೆ ಇದೆ: ಸೆಕೆ. ಕೊಬ್ಬು ಅಂದರೆ ಕಂಬಳಿ ಹೊದ್ದ ಹಾಗೆ. ಜನವರಿಯಲ್ಲಿ ಬಂದ 30 ಕಿಲೋ ಮೇ ತಿಂಗಳ ತನಕ ಉಳಿದರೆ ಕುದುರೆಗೆ ಮೈ ತಂಪಾಗಿಸೋದೇ ಕಷ್ಟ. ಈ ಬಿಸಿ, ತೇವದ ಹವೆಯಲ್ಲಿ ಕೆಲವು ಕುದುರೆಗಳಿಗೆ ಬೆವರೋದೇ ನಿಂತುಹೋಗುವ ತೊಂದರೆಯೂ ಇದೆ. ಅಂಥದ್ದಕ್ಕೆ ಕೊಬ್ಬೂ ಸೇರಿದರೆ ಕೇಳೋದೇ ಬೇಡ.

ಮಾಡಬೇಕಾದ್ದು

ಒಂದು, ಕಾಳು ನಿಲ್ಲಿಸಿ. ತಮಿಳಲ್ಲಿ ಒಂದು ಗಾದೆ ಇದೆ, "ಇಳೈತ್ತವನುಕ್ಕು ಎಳ್ಳು, ಕೊಳುತ್ತವನುಕ್ಕು ಕೊಳ್ಳು" ಅಂತ. ಸಣಕಲನಿಗೆ ಎಳ್ಳು, ದಪ್ಪಗಿದ್ದವನಿಗೆ ಹುರುಳಿ. ಮನುಷ್ಯರಿಗೆ ಸರಿ ಇರಬಹುದು. ಇದನ್ನ ನಂಬಿ ದಪ್ಪ ಕುದುರೆಗೆ ಹುರುಳಿ ಬೇಯಿಸಿ ಹಾಕ್ತಾರೆ! ಹುರುಳಿ ದುಡಿಯುವ ಕುದುರೆಯ ಆಹಾರ. ಬೇಸಿಗೆಯಿಡೀ ಬೆಳಗ್ಗೆ ಸಂಜೆ ಓಡಿದ ಕುದುರೆಗೆ ಕೊಟ್ಟ ಅಳತೆಯನ್ನೇ ಮಳೆಗಾಲದಲ್ಲಿ ನಿಂತ ಕುದುರೆಗೂ ಕೊಟ್ಟರೆ ಅದು ಎಲ್ಲಿಗೆ ಹೋಗಬೇಕು?

ಎರಡು, ಮೇಯುವ ಹೊತ್ತು. ನಸುಕಿನಿಂದ 8 ಗಂಟೆ ಒಳಗೆ ಬಿಡಿ, ಸಂಜೆ ಬೇಡ. ಆದರೆ ಬರೀ ಹೊತ್ತು ಕಡಿಮೆ ಮಾಡಿದರೆ ಸಾಲದು. ಕಡಿಮೆ ಹೊತ್ತು ಬಿಡ್ತಾರೆ ಅಂತ ಗೊತ್ತಾದ ಕುದುರೆ ಗಬಗಬ ತಿನ್ನೋದು ಕಲಿಯುತ್ತೆ. ಬಿಡೋಕೆ ಮುಂಚೆ ಸ್ವಲ್ಪ ಒಣಹುಲ್ಲು ಕೊಡಿ, ಜಾಗವನ್ನ ಬೇಲಿಯಿಂದ ಪಟ್ಟಿ ಪಟ್ಟಿಯಾಗಿ ಭಾಗ ಮಾಡಿ.

ಮೂರು, ಬಾಯಿಕುಕ್ಕೆ. ಕಣದಲ್ಲಿ ರಾಗಿ ತುಳಿಯುವ ಎತ್ತಿನ ಮೂತಿಗೆ ಕುಕ್ಕೆ ಕಟ್ತಾ ಇದ್ದದ್ದು ನೆನಪಿದೆಯಾ? ಅದೇ ತತ್ವ. ಕುದುರೆಯದಕ್ಕೆ ಅಡಿಯಲ್ಲಿ ಸಣ್ಣ ತೂತು ಇರುತ್ತೆ. ಹುಲ್ಲಿನ ತುದಿ ಸಿಗುತ್ತೆ, ಬಾಯಿ ತುಂಬ ಸಿಗಲ್ಲ. ತಿನ್ನೋದು ಮೂರನೇ ಒಂದು ಪಾಲಾದರೂ ಕಡಿಮೆ ಆಗುತ್ತೆ. ಹಾಕಿಕೊಂಡೇ ನೀರು ಕುಡಿಯೋಕೆ ಬರುತ್ತಾ ಅಂತ ನಿಂತು ನೋಡಿ. ನಡು ಮಧ್ಯಾಹ್ನದ ಸೆಕೆಯಲ್ಲಿ ಬೇಡ, 24 ಗಂಟೆಯೂ ಬೇಡ.

ನಾಲ್ಕು, ಉಳಿದ ಹೊತ್ತಿಗೆ ಹುಲ್ಲಿಲ್ಲದ ಅಂಗಳ. ಆದರೆ ನಮ್ಮ ಕರಾವಳಿಯಲ್ಲಿ ಅದು ಮರಳು. ನೆಲಕ್ಕೆ ಮೇವು ಹಾಕಿದರೆ ಮರಳೂ ಹೊಟ್ಟೆಗೆ ಹೋಗಿ ಹೊಟ್ಟೆನೋವು ಬರುತ್ತೆ. ತೊಟ್ಟಿಯಲ್ಲೋ ರಬ್ಬರ್ ಚಾಪೆ ಮೇಲೋ ಹಾಕಿ. ಲದ್ದಿಯ ಒಂದೆರಡು ಉಂಡೆಯನ್ನ ಬಕೆಟ್ ನೀರಲ್ಲಿ ಕದಡಿ ಬಿಡಿ. ತಳದಲ್ಲಿ ಮರಳು ಕೂತರೆ ವೈದ್ಯರಿಗೆ ಹೇಳಿ.

ಐದು, ಒಣಹುಲ್ಲಿನ ಲೆಕ್ಕ. ತೂಕ ಇಳಿಸಬೇಕಾದ ಕುದುರೆಗೆ ಮೈತೂಕದ ಶೇಕಡಾ 1.5ರಷ್ಟು ಒಣಪದಾರ್ಥ. 333 ಕಿಲೋಗೆ 5 ಕಿಲೋ, ಅಂದರೆ ಒಣಗಿದ ಹುಲ್ಲು ಸುಮಾರು ಐದೂವರೆ ಕಿಲೋ. ಮೇಯ್ದದ್ದೂ ಇದರೊಳಗೇ ಸೇರಬೇಕು. ಒಣಗಿಸಿದ ಗರಿಕೆ, ತಮಿಳಲ್ಲಿ ಅರುಗಂಪುಲ್, ಗಣೇಶನಿಗೂ ಪ್ರೀತಿ, ಕುದುರೆಗೂ ಒಳ್ಳೇದು. ಒಂದು ಗಂಟೆ ನೀರಲ್ಲಿ ನೆನೆಸಿ ನೀರು ಚೆಲ್ಲಿದರೆ ಸಕ್ಕರೆ ಸ್ವಲ್ಪ ಇಳಿಯುತ್ತೆ. ಈ ಸೆಕೆಯಲ್ಲಿ ನೆನೆದ ಹುಲ್ಲು ಬೇಗ ಹುಳಿಯಾಗುತ್ತೆ, ಕೂಡಲೇ ತಿನ್ನಿಸಿ. ಭತ್ತದ ಹುಲ್ಲು ಸ್ವಲ್ಪ ಬೆರೆಸಬಹುದು, ಅದೊಂದನ್ನೇ ಹಾಕಬೇಡಿ. ಕರುಳಲ್ಲಿ ಕಟ್ಟಿಕೊಳ್ಳುತ್ತೆ.

ಆರು, ನೇಪಿಯರ್ ಬಗ್ಗೆ ಎಚ್ಚರ. ಸಿಒ-4, ಸಿಒ-5 ಅಂತ ಹಸುಗಳಿಗೆ ಬೆಳೆಯೋ ಹುಲ್ಲು ತಮಿಳುನಾಡಲ್ಲಿ ಎಲ್ಲೆಡೆ ಸುಲಭವಾಗಿ ಸಿಗುತ್ತೆ. ಅದರಲ್ಲಿ ಆಕ್ಸಲೇಟ್ ಜಾಸ್ತಿ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನ ಒಡೆಯುತ್ತವೆ, ಕುದುರೆಗೆ ಆ ಅನುಕೂಲ ಇಲ್ಲ. ಆಕ್ಸಲೇಟ್ ಮೇವಿನ ಕ್ಯಾಲ್ಸಿಯಂ ಕಟ್ಟಿಹಾಕುತ್ತೆ. ಕುದುರೆ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತೆ. ತಿಂಗಳುಗಟ್ಟಲೆ ಹೀಗಾದರೆ ಮುಖದ ಮೂಳೆ ಊದುತ್ತೆ, ಕುಂಟುತ್ತೆ. ತೌಡು, ಬೂಸಾದಲ್ಲಿ ರಂಜಕ ಹೆಚ್ಚಿರೋದರಿಂದ ಅವು ಇದನ್ನ ಇನ್ನೂ ಕೆಡಿಸುತ್ತವೆ. ಹುಲ್ಲು ಬದಲಾಯಿಸಿ ಬದಲಾಯಿಸಿ ಕೊಡಿ. ಕ್ಯಾಲ್ಸಿಯಂ ಇರುವ ಖನಿಜ ಮಿಶ್ರಣ ಎಷ್ಟು ಬೇಕು ಅಂತ ವೈದ್ಯರನ್ನ ಕೇಳಿ. ಲೂಸರ್ನ್, ತಮಿಳಿನ ಕುದಿರೈ ಮಸಾಲ್, ಕ್ಯಾಲ್ಸಿಯಂಗೆ ಒಳ್ಳೇದು. ಆದರೆ ಶಕ್ತಿಯೂ ಜಾಸ್ತಿ, ದಪ್ಪ ಕುದುರೆಗೆ ಒಂದು ಹಿಡಿ ಸಾಕು.

ಏಳು, ಕೆಲಸ. ಗೊರಸು ಆರೋಗ್ಯವಾಗಿದ್ದರೆ ಮಾತ್ರ. ಬೆಳಗ್ಗೆ 5ರಿಂದ 7ರ ಒಳಗೆ, ಮೊದಲ ವಾರ ನಡಿಗೆ, ಆಮೇಲೆ ಸ್ವಲ್ಪ ಸ್ವಲ್ಪ ದುಡುಕಿ ಓಟ. ಸವಾರ ಸಿಗದಿದ್ದರೆ ಕೈಯಲ್ಲಿ ಹಿಡಿದು ನಡೆಸಿದರೂ ಆಯ್ತು, ನಿಮಗೂ ಒಳ್ಳೇದು.

ಉಪವಾಸ ಹಾಕಬೇಡಿ

ಕೊನೆಯದು, ಎಲ್ಲಕ್ಕಿಂತ ಮುಖ್ಯ. "ನಾಲ್ಕು ದಿನ ಮೇವು ನಿಲ್ಲಿಸಿದರೆ ತಾನೇ ಇಳಿಯುತ್ತೆ" ಅನ್ನೋರು ಇದ್ದಾರೆ. ದಪ್ಪಗಿರುವ ತಟ್ಟು, ಕತ್ತೆಗಳಿಗೆ ಏಕಾಏಕಿ ಮೇವು ನಿಂತರೆ ಮೈಯ ಕೊಬ್ಬೆಲ್ಲಾ ರಕ್ತಕ್ಕೆ ನುಗ್ಗಿ ಪಿತ್ತಜನಕಾಂಗ ಕೈಕೊಡುತ್ತೆ. ಅದರಿಂದ ಸಾಯುವ ಸಾಧ್ಯತೆ ಹೆಚ್ಚು. ಗರ್ಭದ ಕುದುರೆಗೆ ಇನ್ನೂ ಅಪಾಯ. ವಾರಕ್ಕೆ ಮೈತೂಕದ ಶೇಕಡಾ ಅರ್ಧದಿಂದ ಒಂದರಷ್ಟು ಇಳಿದರೆ ಸಾಕು. ನಮ್ಮ 333 ಕಿಲೋ ತಟ್ಟುವಿಗೆ ವಾರಕ್ಕೆ ಸುಮಾರು ಒಂದೂವರೆಯಿಂದ ಮೂರು ಕಿಲೋ. ಅಂದರೆ 30 ಕಿಲೋ ಇಳಿಯೋಕೆ ಎರಡೂವರೆಯಿಂದ ನಾಲ್ಕೂವರೆ ತಿಂಗಳು. ಜನವರಿಯಲ್ಲಿ ಶುರು ಮಾಡಿದರೆ ಕತ್ತಿರಿ ಬಿಸಿಲು ಬರೋ ಹೊತ್ತಿಗೆ ಸರಿಹೋಗುತ್ತೆ. ಏಪ್ರಿಲ್‌ನಲ್ಲಿ ಎಚ್ಚೆತ್ತರೆ ತಡ. ನವೆಂಬರ್‌ನಲ್ಲೇ ಟೇಪು ಹಿಡಿದರೆ ಇಳಿಸುವ ಕೆಲಸವೇ ಇರಲ್ಲ.

ಮೇವು ಕಡಿಮೆ ಮಾಡಿದ ಮೇಲೆ ಕುದುರೆ ಮಂಕಾಗಿ, ಇರೋ ಮೇವನ್ನೂ ಮುಟ್ಟದೆ ನಿಂತರೆ ಮಾರನೆ ದಿನಕ್ಕೆ ಕಾಯಬೇಡಿ. ಚೆನ್ನೈಯಲ್ಲಿ ಇರುವವರಿಗೆ ವೇಪೇರಿಯ ಮದ್ರಾಸ್ ಪಶುವೈದ್ಯಕೀಯ ಕಾಲೇಜು ಇದೆ, 1903ರಿಂದ ನಡೀತಾ ಇರುವ ಸಂಸ್ಥೆ. ಕುದುರೆ ಇಟ್ಟವರೆಲ್ಲಾ ಒಬ್ಬ ಕುದುರೆ ವೈದ್ಯರ ನಂಬರನ್ನ ಲಾಯದ ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ, ಸೈಸ್‌ಗೂ ಕಾಣೋ ಹಾಗೆ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಕುದುರೆಯ ಎದೆಸುತ್ತು ಅಳೆದು, ದಿನಾಂಕ ಹಾಕಿ ಬರೆದಿಡಿ. ಹದಿನೈದು ದಿನ ಬಿಟ್ಟು ಮತ್ತೆ ಅಳೆಯಿರಿ. ಮುಂದಿನ ಮಾತಿನಲ್ಲಿ ಮಳೆಗಾಲದ ಜಂತುಹುಳದ ಬಗ್ಗೆ, ಲದ್ದಿ ಪರೀಕ್ಷೆ ಹೇಗೆ ಮಾಡಿಸಬೇಕು ಅನ್ನೋದರ ಬಗ್ಗೆ ಹೇಳ್ತೀನಿ. ಅಲ್ಲಿವರೆಗೆ ನಿಮಗೂ ನಿಮ್ಮ ಕುದುರೆಗೂ ಒಳ್ಳೇದಾಗಲಿ. ನಮಸ್ಕಾರ.